ಸತ್ಯಾಂಶ: ಮಿನಿಮಲಿಸ್ಟ್ ಮನೆ ಎಂದರೆ ಬರೀ ಬಿಳಿ ಗೋಡೆಯಲ್ಲ

ಬಿಳಿ ಗೋಡೆ, ಅಗಲವಾದ ಗಾಜು, ಖಾಲಿ ಕೋಣೆ ಇದ್ದರೆ ಅದೇ ಮಿನಿಮಲಿಸ್ಟ್ ಮನೆ, ಅದು ಅಗ್ಗವೂ ತಂಪೂ ಆಗಿರುತ್ತದೆ ಎಂಬ ಸಂದೇಶ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಹಂಚುವವರ ಉದ್ದೇಶ ಒಳ್ಳೆಯದೇ, ಆದರೆ ಮಾತು ಸರಿಯಲ್ಲ.

ಅನಗತ್ಯವಾದುದನ್ನು ಬಿಟ್ಟು, ಉಳಿಯುವ ಬೆಳಕು, ಅಳತೆ, ಸಾಮಗ್ರಿಗಳನ್ನು ಎಚ್ಚರದಿಂದ ಆರಿಸುವುದೇ ಈ ಶೈಲಿಯ ತತ್ತ್ವ. ಅದಕ್ಕೆ ಮಾದರಿಯೆನಿಸಿದ 1929ರ ಬಾರ್ಸಿಲೋನಾ ಪೆವಿಲಿಯನ್‌ನಲ್ಲಿ (ಸ್ಪೇನ್‌ನ ಒಂದು ಪ್ರದರ್ಶನ ಕಟ್ಟಡ) ಕಣ್ಣು ನಿಲ್ಲುವುದು ಹಸಿರು ಅಮೃತಶಿಲೆ ಮತ್ತು ಹೊಂಬಣ್ಣದ ಆನಿಕ್ಸ್ ಕಲ್ಲಿನ ಮೇಲೆ, ಅವು ಅಗ್ಗದವಲ್ಲ.

ಸುಣ್ಣ ಬಳಿದ ಮಾಳಿಗೆ ಬಿಸಿಲನ್ನು ಹಿಂದಕ್ಕೆ ಸೂಸುವುದು ನಿಜ. ಆದರೆ ಬೇಸಿಗೆ 40 ಡಿಗ್ರಿ ದಾಟುವ ನಮ್ಮಲ್ಲಿ, ನೆರಳಿಲ್ಲದ ಪಡುವಣ ಗಾಜು ಕೋಣೆಯನ್ನೇ ಕಾಯಿಸುತ್ತದೆ. ಸಂಜೆ 4 ಗಂಟೆಗೆ ಅಂಥ ಕಿಟಕಿಯ ಬಳಿಯೂ, ದಪ್ಪ ಗೋಡೆಯ ಹಳೆಯ ಮನೆಯ ಶಹಾಬಾದ್ ಕಲ್ಲಿನ ಹಾಸಿನ ಮೇಲೂ ಬರಿಗಾಲಲ್ಲಿ ನಿಂತು ನೋಡಿ. ಸಂದೇಶದ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಅದು ಯಾವ ಹವಾಮಾನದ ಊರಿನ ಮನೆ ಎಂಬುದನ್ನೂ ಪರಿಶೀಲಿಸಿ.