ಶಾಲು, ಹಾರ ಬೇಡ. ಪುಸ್ತಕ ಓದಿಕೊಂಡು ಬನ್ನಿ

ಗ್ರಂಥಾಲಯದ ಪುಸ್ತಕ ಚರ್ಚೆಗೆ ನಮ್ಮ ಕಡೆಯ ಲೇಖಕರನ್ನು ಕರೆದಾಗ ವೇದಿಕೆ, ಶಾಲು, ಹಾರ, ಪೇಟ ಯಾವುದೂ ಬೇಡ ಅಂತ ನಮ್ಮ ಓದುಗರ ಬಳಗದಲ್ಲಿ ಹೇಳುತ್ತಲೇ ಬಂದಿದ್ದೇನೆ. ಕೆಲವರಿಗೆ ಬೇಸರವಾಗಿದೆ. ಹಿರಿಯರನ್ನು ಕರೆದು ಬರಿಗೈಲಿ ಕಳಿಸೋದಾ ಅಂತ ಕೇಳುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ಸಾಹಿತ್ಯ ಕಾರ್ಯಕ್ರಮಗಳಿಗೇನೂ ಕಮ್ಮಿಯಿಲ್ಲ. ಆದರೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಭಾಷಣ ಎಲ್ಲ ಮುಗಿದು ಲೇಖಕರ ಕೈಗೆ ಮೈಕು ಬರೋ ಹೊತ್ತಿಗೆ ಜನ ಎದ್ದು ಹೊರಟಿರುತ್ತಾರೆ. ಓದುಗರು ಬಾಯಿ ಬಿಡೋಕೆ ಸಮಯವೇ ಇರಲ್ಲ. ನನಗೆ ಸಂಕಟವಾಗೋದು ಇಲ್ಲೇ. ಗ್ರಂಥಾಲಯದಲ್ಲಾದರೂ ಕುರ್ಚಿಗಳನ್ನು ದುಂಡಗೆ ಹಾಕಬೇಕು, ಲೇಖಕರೂ ನಮ್ಮ ನಡುವೆಯೇ ಕೂರಬೇಕು, ಬಂದವರೆಲ್ಲ ಪುಸ್ತಕ ಓದಿಕೊಂಡೇ ಬಂದಿರಬೇಕು.

ಈಚೆಗೆ ಒಂದು ಕಥಾ ಸಂಕಲನದ ಚರ್ಚೆ ನಡೆಯಿತು. ಬರೆದವರು ನಮ್ಮ ತಾಲ್ಲೂಕಿನವರೇ. ಒಂದು ಕಥೆ ಪೂರ್ತಿ ಬೆಲ್ಲ ಮಾಡೋ ಆಲೆಮನೆಯಲ್ಲೇ ನಡೆಯುತ್ತೆ, ಅದರ ಒಂದು ಪುಟ ಓದಿದರು. ಆಲೆಮನೆಯಲ್ಲಿ ವರ್ಷಗಟ್ಟಲೆ ದುಡಿದ ಹಿರಿಯರೊಬ್ಬರು, "ಸಾರ್, ತಪ್ಪು ತಿಳ್ಕೋಬೇಡಿ, ನಿಮ್ಮ ಕಥೇಲಿ ಗಡಿಯಾರ ನೋಡ್ಕಂಡು ಕೊಪ್ಪರಿಗೆ ಇಳಿಸ್ತಾರೆ. ಪಾಕದ ಹದ ಹಂಗೆ ಗೊತ್ತಾಗಲ್ಲ" ಅಂದರು. ಕಬ್ಬಿನ ಹಾಲು ಕಾಯುವಾಗ ಕೊಳೆ ಮೇಲೆ ಬರಲಿ ಅಂತ ಬೆಂಡೆ ಗಿಡದ ಲೋಳೆ ಹಾಕೋದು, ಆ ಕೊಳೆಯನ್ನು ಎತ್ತಿ ಹಾಕೋದು, ಆಮೇಲೆ ನೊರೆಯ ಬಣ್ಣ ತಿರುಗೋದು, ಕೊನೆಗೆ ಒಂಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತಾ ಅಂತ ನೋಡೋದು, ಎಲ್ಲವನ್ನೂ ಕೈಸನ್ನೆ ಮಾಡಿ ತೋರಿಸಿದರು. ಲೇಖಕರು ತಮ್ಮ ಪ್ರತಿಯ ಅಂಚಿನಲ್ಲೇ ಬರೆದುಕೊಂಡರು. ಆಮೇಲೆ ಮಾತು ಆ ಕಥೆಯ ಹೆಣ್ಣಿನ ಕಡೆ ತಿರುಗಿತು. ಅವಳು ಊರು ಬಿಟ್ಟಿದ್ದೇ ಸರಿ ಅಂತ ಒಬ್ಬ ಕಾಲೇಜು ಹುಡುಗಿ ಪಟ್ಟು ಹಿಡಿದಳು. ಲೇಖಕರು ಒಪ್ಪಲಿಲ್ಲ, ಅವಳೂ ಬಿಡಲಿಲ್ಲ. ಇದಕ್ಕಿಂತ ದೊಡ್ಡ ಸನ್ಮಾನ ಬರೆಯೋರಿಗೆ ಯಾವುದಿದೆ ಹೇಳಿ?

ಊರಿನವರು ಬರೆದದ್ದನ್ನು ಹೀಗೆ ತೂಗಿ ನೋಡೋ ಶಕ್ತಿ ಊರಿನ ಓದುಗರಿಗೇ ಜಾಸ್ತಿ. ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ, ಪು.ತಿ.ನ. ಅವರ ಮೇಲುಕೋಟೆ ನಮ್ಮ ಜಿಲ್ಲೆಯವೇ ಅಂತ ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಬೆಸಗರಹಳ್ಳಿ ರಾಮಣ್ಣನವರು ವೈದ್ಯರಾಗಿದ್ದುಕೊಂಡೇ ಹಳ್ಳಿ ಜನರ ಕಥೆ ಬರೆದರು. ಈಗಲೂ ಹಾಗೆ ಕೆಲಸದ ಜೊತೆಜೊತೆಗೇ ಬರೆಯುವವರಿದ್ದಾರೆ. ಪಕ್ಕದ ಬೀದಿಯಲ್ಲಿದ್ದರೂ ನಮಗೆ ಅವರ ಮುಖ ಪರಿಚಯ ಇರಲ್ಲ.

ಗ್ರಂಥಾಲಯ ಯಾರದೋ ಅಲ್ಲ, ನಮ್ಮದೇ ದುಡ್ಡಿನದು. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಕಟ್ಟಿರುತ್ತೀರಿ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಹಳ್ಳಿಗಳಲ್ಲೂ ಜಾಗವಿದೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅವನ್ನು ಅರಿವು ಕೇಂದ್ರ ಅಂತ ಕರೆಯುತ್ತಾರೆ. ಆಲೆಮನೆಯ ಕಥೆಯನ್ನು ಅಂಥ ಕಡೆ ಚರ್ಚೆಗಿಟ್ಟರೆ ಇನ್ನೆಷ್ಟು ಜನ ಮಾತಾಡಬಹುದು!

ಬರಿಗೈಲಿ ಕಳಿಸೋದು ಬೇಡ ಅನ್ನೋ ಮಾತನ್ನು ನಾನೂ ಒಪ್ಪುತ್ತೇನೆ. ಬಸ್ ಚಾರ್ಜು ಕೊಡಿ, ಊಟ ಹಾಕಿ. ಗೌರವ ಪ್ರತಿ ಮಾತ್ರ ದಯವಿಟ್ಟು ಕೇಳಬೇಡಿ. ಎಷ್ಟೋ ಜನ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿರುತ್ತಾರೆ, ಉಳಿದ ಪ್ರತಿಗಳು ಮನೆಯ ಅಟ್ಟದಲ್ಲಿರುತ್ತವೆ. ಶಾಲು, ಹಾರ, ಫಲಕಕ್ಕೆ ಹಾಕೋ ದುಡ್ಡಲ್ಲಿ ನಾಲ್ಕೈದು ಪ್ರತಿ ಕೊಂಡು ತಿಂಗಳ ಮುಂಚೆಯೇ ಗ್ರಂಥಾಲಯದಲ್ಲಿಡಿ, ಕೈಯಿಂದ ಕೈಗೆ ಹೋಗುತ್ತವೆ.

ಮಳವಳ್ಳಿ, ಪಾಂಡವಪುರ, ನಾಗಮಂಗಲ ಕಡೆ ಮೊದಲ ಪುಸ್ತಕ ತಂದ ಹೆಣ್ಣುಮಕ್ಕಳು ಇದ್ದರೆ ತಿಳಿಸಿ. ಮೊದಲು ಪುಸ್ತಕ ಕೊಂಡು ಓದುತ್ತೇವೆ, ಆಮೇಲೆ ಅವರನ್ನು ಕರೆಯುತ್ತೇವೆ.