ಮಂಜುಗಡ್ಡೆಯ ಮೇಲೆ ಗಾಳ, ಮೈಮೇಲೆ ಉಣ್ಣೆ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಚಳಿಗಾಲ ಬಂದರೂ ಮೀನು ಹಿಡಿಯುವುದು ನಿಲ್ಲುವುದಿಲ್ಲ. ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು ಹೋಗಿ, ಬೈರಿಗೆಯಿಂದ ತೂತು ಕೊರೆದು, ವಾಲೈ ಮೀನಿಗಾಗಿ ಗಂಟೆಗಟ್ಟಲೆ ಗಾಳ ಇಳಿಬಿಟ್ಟು ಕೂರುವುದು ಇಲ್ಲಿನವರ ವಾಡಿಕೆ. ನಮ್ಮ ಕಡೆಯಿಂದ ಹೊಸದಾಗಿ ಬಂದವರು ಹತ್ತಿಯ ಬನಿಯನ್ನು, ಜೀನ್ಸು ತೊಟ್ಟು, ಮೇಲೊಂದು ಭಾರಿ ಜಾಕೆಟ್ ಏರಿಸಿಕೊಂಡು ಈ ಹವ್ಯಾಸಕ್ಕೆ ಹೊರಡುವುದನ್ನು ಕಂಡಾಗಲೆಲ್ಲ ನನಗೆ ಆತಂಕವಾಗುತ್ತದೆ. ಜಾಕೆಟ್ ಎಷ್ಟೇ ದಪ್ಪವಿರಲಿ, ಅದರೊಳಗೆ ಮೈ ಒದ್ದೆಯಾದರೆ ಚಳಿ ತಡೆಯದು.

ಸಾಮಾನು ತುಂಬಿದ ಜಾರುಬಂಡಿಯನ್ನು ಎಳೆದುಕೊಂಡು ಹೋಗಿ ತೂತು ಕೊರೆಯುವಷ್ಟರಲ್ಲಿ, ಎಂಥ ಚಳಿಯಲ್ಲೂ ಬೆವರು ಬರುತ್ತದೆ. ಹತ್ತಿ ಆ ಬೆವರನ್ನು ಹೀರಿ ಮೈಗೆ ಅಂಟಿಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ಅಲುಗಾಡದೆ ಕುಳಿತ ಕೂಡಲೇ ಆ ಒದ್ದೆ ಮೈಯ ಕಾವನ್ನು ಕಸಿಯತೊಡಗುತ್ತದೆ. ಉಣ್ಣೆಯಾದರೋ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಎಳೆಯೊಳಗೆ ಇಟ್ಟುಕೊಂಡೂ ಬೆಚ್ಚಗಿರುತ್ತದೆ. ಹಾಗಾಗಿಯೇ ಇಲ್ಲಿಯ ಅನುಭವಿಗಳು ತೆಳು ಉಣ್ಣೆಯ ಒಳಉಡುಪು ತೊಟ್ಟು, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಕೃತಕ ನೂಲಿನ ಅಂಗಿ ಹಾಕಿ, ಗಾಳಿ ತಡೆಯುವ ಜಾಕೆಟ್ಟನ್ನು ಬಂಡಿಯಲ್ಲಿಟ್ಟುಕೊಂಡು ನಡೆಯುತ್ತಾರೆ. ತೂತು ಕೊರೆದು ಮುಗಿದ ಮೇಲಷ್ಟೇ ಅದನ್ನು ಹಾಕಿಕೊಳ್ಳುತ್ತಾರೆ.

ಇದು ನಮಗೆ ತೀರ ಹೊಸ ವಿದ್ಯೆಯೇನಲ್ಲ. ಮಲೆನಾಡಿನಲ್ಲಿ ಮೊದಲ ಮಳೆಗೆ ಹೊಳೆಯಿಂದ ಗದ್ದೆ, ಹಳ್ಳಗಳಿಗೆ ಏರಿಬರುವ ಹತ್ತುಮೀನು ಹಿಡಿಯಲು ರಾತ್ರಿ ಹೊರಡುತ್ತಿದ್ದವರು ತಲೆಯ ಮೇಲಿಂದ ಕಂಬಳಿಕೊಪ್ಪೆ ಹಾಕಿಕೊಳ್ಳುತ್ತಿದ್ದರು. ಒರಟು ಕುರಿಯುಣ್ಣೆಯ ಆ ಕಂಬಳಿ ನೆನೆದು ಭಾರವಾದರೂ ಒಳಗಿನ ಮೈಯನ್ನು ಬೆಚ್ಚಗಿಡುತ್ತಿತ್ತು, ಸೆಕೆಯಾದರೆ ಸರಿಸಿಕೊಳ್ಳಲು ಬರುತ್ತಿತ್ತು. ಮಲೆನಾಡಿನ ಮಳೆಯ ಚಳಿಗೂ ಇಲ್ಲಿಯ ಚಳಿಗೂ ಹೋಲಿಕೆಯಿಲ್ಲ, ನಿಜ. ಆದರೆ ಒದ್ದೆಯಲ್ಲಿ ಉಣ್ಣೆಯನ್ನೇ ನಂಬಬೇಕೆಂಬ ತಿಳಿವಳಿಕೆ ಎರಡೂ ಕಡೆ ಒಂದೇ. ಅದನ್ನು ಬಲ್ಲ ಊರುಗಳಿಂದ ಬಂದ ನಾವು ಇಲ್ಲಿ ಜೀನ್ಸು ತೊಟ್ಟು ನಡುಗುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಕಾಲಿನ ವಿಷಯದಲ್ಲಿ ಮಾತ್ರ ಊರಿನ ಅನುಭವ ನೆರವಿಗೆ ಬರುವುದಿಲ್ಲ. ಅಲ್ಲಿ ಬರಿಗಾಲಲ್ಲಿ ನೀರಿಗಿಳಿಯುತ್ತೇವೆ. ಇಲ್ಲಿ ಮಂಜುಗಡ್ಡೆ ಅಂಗಾಲಿನಿಂದಲೇ ಶಾಖವನ್ನು ಸೆಳೆಯುತ್ತದೆ. ಬಿಗಿಯಾದ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತಸಂಚಾರ ಕುಗ್ಗಿ ಬೆರಳುಗಳು ಇನ್ನಷ್ಟು ಬೇಗ ಮರಗಟ್ಟುತ್ತವೆ. ಒಂದೇ ಜೊತೆ ದಪ್ಪ ಉಣ್ಣೆಯ ಕಾಲುಚೀಲ, ಬೆರಳಾಡಿಸಲು ಜಾಗವಿರುವ ಬೂಟು, ಕಾಲಡಿಗೊಂದು ಫೋಮಿನ ಹಾಸು ಇದ್ದರೆ ಸಾಕು. ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು: ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುವಾಗ ಗಂಟೆಗೆ 24 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ಬಯಲಾದ ಚರ್ಮಕ್ಕೆ ಅದು 28 ಡಿಗ್ರಿ ಕೆಳಗಿನ ಚಳಿಯಂತೆ ತಟ್ಟುತ್ತದೆ.

ಹೊಸಬರು ಹಣ ಖರ್ಚು ಮಾಡುವುದಾದರೆ ಮೊದಲು ಉಣ್ಣೆಯ ಒಳಉಡುಪಿಗೆ, ಆಮೇಲೆ ಬೂಟಿಗೆ ಮಾಡಲಿ. ಹೊರಗಿನ ಜಾಕೆಟ್ ಕೊಳ್ಳುವಾಗ, ಮಂಜುಗಡ್ಡೆ ಒಡೆದು ನೀರಿಗೆ ಬಿದ್ದರೂ ತೇಲಿಸುವಂಥದ್ದನ್ನೇ ಆರಿಸಿಕೊಳ್ಳಲಿ.