ಜೋಶಿ ಅವರ ಪಾಠ ಬೆಳಗಾವಿಗೂ ಬೇಕು

ನಾನು ಬೆಳಗಾವಿಯವನು, ಈಗ ಇರುವುದು ಮುಂಬೈನಲ್ಲಿ. ಇಲ್ಲಿ ಕ್ರಿಕೆಟ್ ಮಾತು ಬಂದಾಗಲೆಲ್ಲ ನಾನು ಭಾರತಕ್ಕೆ ಆಡಿದ ಎಡಗೈ ಸ್ಪಿನ್ನರ್ ಸುನಿಲ್ ಜೋಶಿ ಹೆಸರು ತೆಗೆಯುತ್ತೇನೆ.

ಗದಗದ ಹುಡುಗ. ಬೆಳ್ಳಂಬೆಳಗ್ಗೆ ಎದ್ದು ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಪ್ರಾಕ್ಟೀಸ್ ಮುಗಿಸಿ, ಶಾಲೆ ಹೊತ್ತಿಗೆ ವಾಪಸ್ ಬರುತ್ತಿದ್ದರು. ಮುಂದೆ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್ ಹಾಕಿದರು, ಅದರಲ್ಲಿ 6 ಮೇಡನ್ (ಒಂದೂ ರನ್ ಕೊಡದ ಓವರ್), ಕೊಟ್ಟಿದ್ದು ಬರೀ 6 ರನ್, ಕಿತ್ತಿದ್ದು 5 ವಿಕೆಟ್! ಮರುವರ್ಷ ಢಾಕಾದಲ್ಲಿ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್‌ನಲ್ಲಿ, ಮೊದಲ ಇನಿಂಗ್ಸ್‌ನಲ್ಲೇ 5 ವಿಕೆಟ್ ಕಿತ್ತು 92 ರನ್ ಹೊಡೆದರು.

ಆಟ ಬಿಟ್ಟ ಮೇಲೆ ಅವರು ಮಾಡಿದ ಕೆಲಸ ನನಗೆ ಇನ್ನೂ ದೊಡ್ಡದು. 2014ರ ಡಿಸೆಂಬರ್‌ನಲ್ಲಿ ಜಮ್ಮು-ಕಾಶ್ಮೀರ ತಂಡ, ಅಷ್ಟೊತ್ತಿಗೆ 40 ಸಲ ರಣಜಿ ಟ್ರೋಫಿ ಗೆದ್ದಿದ್ದ ಮುಂಬೈಯನ್ನು ಅದರದೇ ವಾಂಖೆಡೆ ಮೈದಾನದಲ್ಲಿ ಸೋಲಿಸಿತು. ಗೆದ್ದ ತಂಡದ ಕೋಚ್ ನಮ್ಮ ಜೋಶಿ. ಆಮೇಲೆ ಬಾಂಗ್ಲಾದೇಶ ತಂಡಕ್ಕೆ ಸ್ಪಿನ್ ಕಲಿಸಿದರು. 2020ರಲ್ಲಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು.

ಮುಂಬೈನವರಿಂದ ನಾವು ಕಲಿಯಬೇಕಾದದ್ದು ಒಂದಿದೆ. ಆಜಾದ್ ಮೈದಾನಕ್ಕೆ ಬನ್ನಿ. ಒಂದು ಪಂದ್ಯದ ಫೀಲ್ಡರ್ ಬೆನ್ನಿಗೆ ಇನ್ನೊಂದು ಪಂದ್ಯದ ಫೀಲ್ಡರ್ ನಿಂತಿರುತ್ತಾನೆ. ಟೆಂಟ್ ನೆರಳಲ್ಲಿ ಕುರ್ಚಿ ಹಾಕಿಕೊಂಡ ಹಳೇ ಆಟಗಾರರು ಪ್ರತಿ ಚೆಂಡನ್ನೂ ನೋಡುತ್ತಾರೆ. ಓವರ್ ಮುಗಿಯುತ್ತಿದ್ದಂತೆ ಹುಡುಗನನ್ನು ಕರೆದು, ಅವನ ಮಣಿಕಟ್ಟು ಹಿಡಿದು ತಿರುಗಿಸಿ ತೋರಿಸುತ್ತಾರೆ. ಅದಕ್ಕೆ ಫೀ ಇಲ್ಲ, ಅರ್ಜಿ ಇಲ್ಲ. ಮುಂಬೈ ಕ್ಲಬ್‌ಗಳು ಮಳೆಗಾಲದಲ್ಲಿ ಆಡುವ ಕಾಂಗಾ ಲೀಗ್‌ನಲ್ಲಿ ಒದ್ದೆ ಪಿಚ್ ಮೇಲೆ ಆಡುವುದನ್ನೂ ಹುಡುಗರು ಹೀಗೇ ಕಲಿಯುತ್ತಾರೆ.

ನಮ್ಮ ಬೆಳಗಾವಿಯಲ್ಲಿ ಹುಡುಗರಿಗೇನು ಬರ ಇಲ್ಲ. ಭಾನುವಾರ ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಹೋದರೆ ಸಾಕು, ಗೊತ್ತಾಗುತ್ತದೆ. ಯೂನಿಯನ್ ಜಿಮಖಾನಾ ಕ್ಲಬ್ ಇದೆ. ಆಟೋ ನಗರದಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ (ಕೆಎಸ್‌ಸಿಎ) ಕಟ್ಟಿದ ಒಳ್ಳೆಯ ಸ್ಟೇಡಿಯಂ ಇದೆ. ಆದರೆ ಸುಮ್ನೆ ಹುಲ್ಲು ಬೆಳೆಸಿ ಗೇಟ್ ಹಾಕಿಟ್ಟರೆ ಸ್ಪಿನ್ನರ್ ಹುಟ್ಟುತ್ತಾನಾ? ದೊಡ್ಡ ಆಟ ಆಡಿದವರು ಪಕ್ಕದಲ್ಲಿ ನಿಂತು "ಇನ್ನೊಮ್ಮೆ ಹಾಕೋ ತಮ್ಮಾ" ಅನ್ನಬೇಕು. ಅದೂ ನಮ್ಮ ಕಡೆಯ ಕನ್ನಡದಲ್ಲಿ ಅಂದರೆ ಹುಡುಗನಿಗೆ ಎಷ್ಟು ಧೈರ್ಯ, ಅಲ್ವಾ?

ಹಾಗಾಗಿ ಕೆಎಸ್‌ಸಿಎ ಧಾರವಾಡ ವಲಯದವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ಬೇಸಿಗೆ ರಜೆಯಲ್ಲಿ ಜೋಶಿ ಅವರಂಥವರನ್ನು ಆಟೋ ನಗರಕ್ಕೆ ಕರೆಸಿ, ಸ್ಪಿನ್ ಹಾಕುವ ಹುಡುಗ ಹುಡುಗಿಯರಿಗೆ ಕ್ಯಾಂಪ್ ಮಾಡಿ. ಅಥಣಿಯ ಮಗು ದಿನಾ ಬಸ್ಸಲ್ಲಿ ಬಂದು ಹೋಗೋಕೆ ಆಗಲ್ಲ. ಊಟ, ವಸತಿಯನ್ನೂ ಅಲ್ಲೇ ಕೊಡಿ. ಖರ್ಚಿಗೆ ನಮ್ಮಂಥ ಹೊರಗಿನವರನ್ನು ಕೇಳಿ, ಖಂಡಿತ ಕೊಡುತ್ತೇವೆ.